ತಿಂಗಳಿಗೆ 4,000 ಕಿಲೋಮೀಟರ್ ಓಡಿಸುವವರಿಗೆ ಹೈಬ್ರಿಡ್ ಕಾರು ಗಿಟ್ಟುತ್ತದೆಯೇ?

ಪ್ರಶ್ನೆ: ಆಸ್ಪತ್ರೆ ಮತ್ತು ಲ್ಯಾಬ್‌ಗಳ ಯಂತ್ರಗಳನ್ನು ದುರಸ್ತಿ ಮಾಡುವ ಕೆಲಸ ನನ್ನದು. ದಾವಣಗೆರೆಯಲ್ಲಿ ಮನೆ. ಚಿತ್ರದುರ್ಗ, ಹಾವೇರಿ, ಹುಬ್ಬಳ್ಳಿ, ಶಿವಮೊಗ್ಗದ ಕಡೆ ವಾರವಿಡೀ ಓಡಾಟ; ತಿಂಗಳಲ್ಲಿ ಒಂದೆರಡು ಸಲ ಬೆಂಗಳೂರು. ಒಟ್ಟು ತಿಂಗಳಿಗೆ 4,000 ಕಿ.ಮೀ. ಆಗುತ್ತದೆ. ಈಗಿರುವ ಡೀಸೆಲ್ ಕಾರನ್ನು ಬದಲಿಸಬೇಕಾಗಿದೆ. ಕಂಪನಿ ಕಿಲೋಮೀಟರ್ ಲೆಕ್ಕದಲ್ಲಿ ಭತ್ಯೆ ಕೊಡುವುದರಿಂದ ಇಂಧನದಲ್ಲಿ ಉಳಿಸಿದ ಪ್ರತಿ ರೂಪಾಯಿಯೂ ನನಗೇ ಸೇರುತ್ತದೆ. ಷೋರೂಮಿನವರು ಹೈಬ್ರಿಡ್ ಕೊಳ್ಳಿ, 27 ಮೈಲೇಜ್ ಕೊಡುತ್ತದೆ ಎನ್ನುತ್ತಾರೆ. ನಮ್ಮ ಮೆಕ್ಯಾನಿಕ್ ಅದರ ಬ್ಯಾಟರಿ ಹೋದರೆ ಮನೆ ಮಾರಬೇಕಾಗುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ದಾವಣಗೆರೆ

ಉತ್ತರ: ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ನಿಮ್ಮ ಪ್ರಶ್ನೆಯನ್ನು ತೀರ್ಮಾನಿಸಬೇಕಾದ ಸಂಗತಿಯನ್ನು ಇಬ್ಬರೂ ಕೇಳಿಲ್ಲ: ಆ 4,000 ಕಿ.ಮೀ.ಯಲ್ಲಿ ಹೆದ್ದಾರಿಯ ಪಾಲೆಷ್ಟು, ಊರೊಳಗಿನ ಓಡಾಟದ ಪಾಲೆಷ್ಟು?

ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರು, ಬ್ಯಾಟರಿ ಇದ್ದು, ಬರೀ ವಿದ್ಯುತ್ತಿನಿಂದಲೂ ಓಡಬಲ್ಲ ಪೂರ್ಣ ಹೈಬ್ರಿಡ್ ಕಾರು ಇಂಧನವನ್ನು ಉಳಿಸುವ ಬಗೆಯನ್ನು ತಿಳಿದುಕೊಂಡರೆ ಈ ಪ್ರಶ್ನೆಯ ಮಹತ್ವ ಅರ್ಥವಾಗುತ್ತದೆ. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಓಟದ ಶಕ್ತಿಯು ಬ್ರೇಕ್ ಪ್ಯಾಡಿನ ಬಿಸಿಯಾಗಿ ವ್ಯರ್ಥವಾಗುತ್ತದೆ. ಹೈಬ್ರಿಡ್ ಕಾರಿನಲ್ಲಿ ಅದೇ ಹೊತ್ತಿಗೆ ಮೋಟಾರು ಜನರೇಟರಾಗಿ ತಿರುಗಿ, ಆ ಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ಸೇರಿಸುತ್ತದೆ. ಮತ್ತೆ ಹೊರಡುವಾಗ, ಸಿಗ್ನಲ್‌ನಲ್ಲಿ ತೆವಳುವಾಗ ಆ ವಿದ್ಯುತ್ತಿನಿಂದಲೇ ಕಾರು ಚಲಿಸುತ್ತದೆ ಮತ್ತು ಎಂಜಿನ್ ಆಫ್ ಆಗಿರುತ್ತದೆ. ಪೆಟ್ರೋಲ್ ಎಂಜಿನ್ ಅತಿ ಹೆಚ್ಚು ಇಂಧನ ಪೋಲು ಮಾಡುವುದು ಇಂಥ ನಿಧಾನಗತಿಯ ಓಟದಲ್ಲಿಯೇ ಆದ್ದರಿಂದ ಉಳಿತಾಯ ದೊಡ್ಡದಾಗಿ ಕಾಣುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬ್ರೇಕ್ ಮುಟ್ಟದೆ ಹೋಗುತ್ತಿರುವ ಕಾರಿಗಾದರೋ ಮರಳಿ ಪಡೆಯಲು ಶಕ್ತಿಯೇ ಇರುವುದಿಲ್ಲ. ಅಲ್ಲಿ ಕಾರನ್ನು ಎಳೆಯುವುದು ಬಹುಮಟ್ಟಿಗೆ ಪೆಟ್ರೋಲ್ ಎಂಜಿನ್ನೇ. ಆ ಎಂಜಿನ್ ಅಟ್ಕಿನ್‌ಸನ್ ವಿಧಾನದಲ್ಲಿ ಕೆಲಸ ಮಾಡುವ ಮಿತವ್ಯಯಿಯಾದ್ದರಿಂದ ಹೆದ್ದಾರಿಯಲ್ಲೂ ಸಾಮಾನ್ಯ ಪೆಟ್ರೋಲ್ ಕಾರಿಗಿಂತ ಮೇಲೇ ಇರುತ್ತದೆ, ನಿಜ. ಆದರೆ ಹೆದ್ದಾರಿಯು ಡೀಸೆಲ್ ಎಂಜಿನ್ನಿಗೂ ಹೇಳಿಮಾಡಿಸಿದ ಜಾಗ.

ಷೋರೂಮಿನವರು ಹೇಳುವ 27 ಎಂಬ ಅಂಕಿ ಸುಳ್ಳಲ್ಲ. ಟೊಯೋಟ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾದ ಹೈಬ್ರಿಡ್ ಮಾದರಿಗಳು 2022ರಲ್ಲಿ ಬಂದಾಗ ಲೀಟರಿಗೆ 27.97 ಕಿ.ಮೀ. ಎಂದೇ ಪ್ರಮಾಣಪತ್ರ ಪಡೆದಿದ್ದವು. ಅದೇ ವರ್ಷ ಬಂದ ಹೋಂಡಾ ಸಿಟಿ ಹೈಬ್ರಿಡ್‌ನದ್ದು 26.5. ಆದರೆ ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ರೋಲರುಗಳ ಮೇಲೆ. ಅದರಲ್ಲಿ ನಿಂತು ಹೊರಡುವ ಭಾಗವೇ ಹೆಚ್ಚು, ವೇಗವು 90 ಕಿ.ಮೀ.ಯನ್ನು ಮೀರುವುದೇ ಇಲ್ಲ. ಎ.ಸಿ. ಹಾಕಿಕೊಂಡು, ಹಿಂದೆ ಸಲಕರಣೆ ಪೆಟ್ಟಿಗೆಗಳನ್ನು ಹೇರಿಕೊಂಡು ಹೋಗುವ ನೀವು ಅಷ್ಟನ್ನು ಲೆಕ್ಕಕ್ಕೆ ಹಿಡಿಯಬಾರದು. ಈ ಗಾತ್ರದ ಹೈಬ್ರಿಡ್‌ಗೆ ಊರೊಳಗೆ 22, ಹೆದ್ದಾರಿಯಲ್ಲಿ 20 ಎಂದು ಹಿಡಿಯೋಣ. ಅದೇ ಗಾತ್ರದ 1.5 ಲೀಟರ್ ಡೀಸೆಲ್ ಕಾರಿಗೆ ಊರೊಳಗೆ 13, ಹೆದ್ದಾರಿಯಲ್ಲಿ 20. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಂಡರೆ, ಹೆದ್ದಾರಿಯಲ್ಲಿ ಕಿಲೋಮೀಟರಿಗೆ ಹೈಬ್ರಿಡ್‌ಗೆ 5.15 ರೂ., ಡೀಸೆಲ್‌ಗೆ 4.55 ರೂ. ಬೀಳುತ್ತದೆ. ಊರೊಳಗಾದರೆ ಹೈಬ್ರಿಡ್‌ಗೆ 4.68 ರೂ., ಡೀಸೆಲ್‌ಗೆ 7 ರೂ.

ಹೆದ್ದಾರಿಯಲ್ಲಿ ಡೀಸೆಲ್ ಕಾರು ಗೆಲ್ಲುವುದು ಕಿಲೋಮೀಟರಿಗೆ 60 ಪೈಸೆಯಷ್ಟು. ಊರೊಳಗೆ ಹೈಬ್ರಿಡ್ ಗೆಲ್ಲುವುದು ಎರಡು ರೂಪಾಯಿಗೂ ಮೀರಿ. ಹಾಗಾಗಿ ನಿಮ್ಮ ಓಟದ ಹತ್ತು ಪಾಲಿನಲ್ಲಿ ಎಂಟು ಪಾಲು ಹೆದ್ದಾರಿಯೇ ಆಗಿದ್ದರೂ ಇಂಧನದ ಖರ್ಚು ಎರಡು ಕಾರುಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಎಂಟಕ್ಕಿಂತ ಹೆಚ್ಚಾದರೆ ಡೀಸೆಲ್, ಕಡಿಮೆಯಾದರೆ ಹೈಬ್ರಿಡ್ ಲಾಭ. ಒಂದು ತಿಂಗಳು ಡೈರಿಯಲ್ಲಿ ಬರೆದಿಡಿ: ಟೋಲ್ ರಸ್ತೆಯ ಕಿಲೋಮೀಟರ್ ಒಂದು ಕಡೆ, ಪೇಟೆ, ಆಸ್ಪತ್ರೆ ರಸ್ತೆ, ಹಂಪುಗಳಿರುವ ತಾಲ್ಲೂಕು ರಸ್ತೆ, ಬೆಂಗಳೂರಿನ ಗೊರಗುಂಟೆಪಾಳ್ಯದಿಂದಾಚೆಗಿನ ಓಡಾಟ ಇನ್ನೊಂದು ಕಡೆ. ಬಹಳಷ್ಟು ಜನ ತಮ್ಮ ಹೆದ್ದಾರಿಯ ಪಾಲನ್ನು ಇರುವುದಕ್ಕಿಂತ ಹೆಚ್ಚೆಂದೇ ಅಂದಾಜು ಮಾಡುತ್ತಾರೆ, ಏಕೆಂದರೆ ನೆನಪಿನಲ್ಲಿ ಉಳಿಯುವುದು ದೂರದ ಪ್ರಯಾಣ. ನೀವು ಹೆದ್ದಾರಿಯಲ್ಲಿ 110–120ರ ವೇಗದವರಾದರೆ ಹೈಬ್ರಿಡ್‌ನ 20 ಎಂಬ ಅಂಕಿ 17ರ ಆಸುಪಾಸಿಗೆ ಇಳಿಯಬಹುದು. ಆಗ ಈ ಲೆಕ್ಕ ಡೀಸೆಲ್ ಕಡೆಗೆ ವಾಲುತ್ತದೆ.

ಸಾಮಾನ್ಯ ಪೆಟ್ರೋಲ್ ಕಾರಿನೊಂದಿಗೆ ಹೋಲಿಸುವುದಾದರೆ ಯೋಚಿಸುವ ಅಗತ್ಯವೇ ಇಲ್ಲ. 14 ಮೈಲೇಜಿನ ಪೆಟ್ರೋಲ್ ಕಾರಿಗೆ ವರ್ಷದ 48,000 ಕಿ.ಮೀ.ಗೆ ಸುಮಾರು 3.53 ಲಕ್ಷ ರೂಪಾಯಿಯ ಇಂಧನ ಬೇಕು. 21 ಮೈಲೇಜಿನ ಹೈಬ್ರಿಡ್‌ಗೆ 2.35 ಲಕ್ಷ ಸಾಕು. ಆನ್ ರೋಡ್ ಬೆಲೆಯಲ್ಲಿ 3 ಲಕ್ಷ ಹೆಚ್ಚು ಕೊಟ್ಟಿದ್ದರೂ ಎರಡೂವರೆ ವರ್ಷದಲ್ಲಿ ಆ ಹಣ ವಾಪಸಾಗುತ್ತದೆ. ತಿಂಗಳಿಗೆ 1,000 ಕಿ.ಮೀ. ಓಡಿಸುವ ಗೃಹಸ್ಥರಿಗೆ ಅದಕ್ಕೇ ಹತ್ತು ವರ್ಷ ಬೇಕಾಗುತ್ತದೆ. ಹೈಬ್ರಿಡ್ ಕಾರಿನ ಹೆಚ್ಚಿನ ಬೆಲೆಯನ್ನು ದುಡಿಸಿಕೊಳ್ಳಬಲ್ಲವರು ನಿಮ್ಮಂತೆ ವೃತ್ತಿಗಾಗಿ ಓಡಿಸುವವರೇ.

ಇನ್ನು ಬ್ಯಾಟರಿಯ ಭಯ. ಟೊಯೋಟ ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1997ರಲ್ಲಿ. ಆಮೇಲೆ ಅನೇಕ ದೇಶಗಳ ಟ್ಯಾಕ್ಸಿ ಚಾಲಕರೇ ಅದನ್ನು ಮೆಚ್ಚಿಕೊಂಡರು. ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ 2011ರಲ್ಲಿ, ಎರಡು ಲಕ್ಷ ಮೈಲಿ, ಅಂದರೆ 3.2 ಲಕ್ಷ ಕಿ.ಮೀ. ದಾಟಿದ್ದ 2002ರ ಪ್ರಿಯಸ್ ಒಂದನ್ನು ಪರೀಕ್ಷಿಸಿ, ಹಳೆಯ ಬ್ಯಾಟರಿಯಲ್ಲೇ ಅದರ ಮೈಲೇಜ್ ಹೊಸ ಕಾರಿನದಕ್ಕೆ ಬಹುತೇಕ ಸಮನಾಗಿ ಉಳಿದಿದೆ ಎಂದು ಪ್ರಕಟಿಸಿತು. ಇದಕ್ಕೆ ಕಾರಣವಿದೆ. ಹೈಬ್ರಿಡ್ ಕಾರಿನ ಕಂಪ್ಯೂಟರ್ ಬ್ಯಾಟರಿಯನ್ನು ಪೂರ್ತಿ ತುಂಬಲು ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ. ಮಧ್ಯದ ಒಂದು ಪಟ್ಟಿಯಲ್ಲಷ್ಟೇ ಅದನ್ನು ಬಳಸುತ್ತದೆ. ಬ್ಯಾಟರಿಯ ಗಾತ್ರವೂ ಚಿಕ್ಕದು: ಹೈರೈಡರ್‌ನಲ್ಲಿರುವುದು 0.76 ಕಿಲೋವ್ಯಾಟ್ ಅವರ್. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯ ಬೆಲೆಯನ್ನು ಕೇಳಿ ಇದಕ್ಕೂ ಅಷ್ಟೇ ಆಗುತ್ತದೆಂದು ಹೆದರುವುದು ತಪ್ಪು.

ಆದರೂ ಒಂದು ಎಚ್ಚರಿಕೆ ಬೇಕು. ಟೊಯೋಟ ತನ್ನ ಹೈಬ್ರಿಡ್ ಬ್ಯಾಟರಿಗೆ ನೀಡುವ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಇವೆರಡರಲ್ಲಿ ಯಾವುದು ಮೊದಲೋ ಅದು. ಜಾಹೀರಾತಿನಲ್ಲಿ ಎದ್ದು ಕಾಣುವುದು 8 ವರ್ಷ. ನಿಮ್ಮ ಓಟಕ್ಕೆ 1,60,000 ಕಿ.ಮೀ. ಮುಗಿಯುವುದು ಮೂರು ವರ್ಷ ನಾಲ್ಕು ತಿಂಗಳಲ್ಲಿ. ಕಾರನ್ನು ಐದಾರು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ, ಬ್ಯಾಟರಿಯ ಇಂದಿನ ಬೆಲೆಯನ್ನು ಷೋರೂಮಿನ ಸರ್ವೀಸ್ ವಿಭಾಗದಿಂದ ಬರಹದಲ್ಲಿ ಪಡೆದು, ತಿಂಗಳಿಗೆ ಒಂದಿಷ್ಟು ಹಣವನ್ನು ಅದಕ್ಕಾಗಿ ಬೇರೆ ಎತ್ತಿಡಿ. ಹಾಗೆ ನೋಡಿದರೆ ಈಗಿನ ಹೊಗೆ ನಿಯಮದ (ಬಿಎಸ್6) ಡೀಸೆಲ್ ಕಾರಿನಲ್ಲೂ ಟರ್ಬೊ, ಇಂಜೆಕ್ಟರ್, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ದುಬಾರಿ ಭಾಗಗಳಿವೆ. ಟೊಯೋಟ ಪದ್ಧತಿಯ ಪೂರ್ಣ ಹೈಬ್ರಿಡ್‌ನಲ್ಲಿ ಕ್ಲಚ್ ಪ್ಲೇಟ್ ಇಲ್ಲ, ಬೇರೆ ಸ್ಟಾರ್ಟರ್ ಮೋಟಾರಾಗಲಿ ಆಲ್ಟರ್ನೇಟರ್ ಆಗಲಿ ಇಲ್ಲ. ಬ್ರೇಕ್ ಪ್ಯಾಡುಗಳೂ ನಿಧಾನವಾಗಿ ಸವೆಯುತ್ತವೆ.

ನಿಮ್ಮ ಕೆಲಸಕ್ಕೇ ಸಂಬಂಧಿಸಿದ ಎರಡು ಸಂಗತಿಗಳನ್ನು ಕಾರು ನೋಡಲು ಹೋದಾಗ ಗಮನಿಸಿ. ಮೊದಲನೆಯದು ಕಾರಿನ ಹಿಂದೆ ಸಾಮಾನು ಇಡುವ ಡಿಕ್ಕಿ. ಬ್ಯಾಟರಿ ಹಿಂಭಾಗದಲ್ಲಿರುವ ಮಾದರಿಗಳಲ್ಲಿ ಜಾಗ ಬಹಳ ಕುಗ್ಗುತ್ತದೆ. ಹೋಂಡಾ ಸಿಟಿಯ ಪೆಟ್ರೋಲ್ ಮಾದರಿಯಲ್ಲಿ 506 ಲೀಟರ್ ಇರುವ ಡಿಕ್ಕಿ ಹೈಬ್ರಿಡ್ ಮಾದರಿಯಲ್ಲಿ 306 ಲೀಟರ್ ಮಾತ್ರ. ಬಾಯಿಮಾತನ್ನು ನಂಬದೆ ನಿಮ್ಮ ಪೆಟ್ಟಿಗೆಗಳನ್ನೇ ತೆಗೆದುಕೊಂಡು ಹೋಗಿ ಇಟ್ಟು ನೋಡಿ. ಎರಡನೆಯದು, ಬ್ಯಾಟರಿಯನ್ನು ತಂಪಾಗಿಡಲು ಗಾಳಿ ಒಳಸೇರುವ ಜಾಲರಿ. ಅದು ಸೀಟಿನ ಬಳಿಯೇ ಎಲ್ಲೋ ಇರುತ್ತದೆ. ಎಲ್ಲಿದೆ ಎಂದು ಕಾರು ಒಪ್ಪಿಸುವಾಗಲೇ ಕೇಳಿ ತಿಳಿದುಕೊಳ್ಳಿ. ಹಿಂದಿನ ಸೀಟಿನ ಮೇಲೆ ಬ್ಯಾಗು, ರಟ್ಟಿನ ಡಬ್ಬ, ವೈರಿನ ಸುರುಳಿಗಳನ್ನು ಹೇರುವ ಅಭ್ಯಾಸವಿರುವವರು ಗೊತ್ತಿಲ್ಲದೆಯೇ ಆ ಜಾಲರಿಯನ್ನು ಮುಚ್ಚಿಬಿಡುತ್ತಾರೆ. ಬಿಸಿಲುಗಾಲದಲ್ಲಿ ಬಿಸಿಯೇರಿದ ಬ್ಯಾಟರಿಯ ಆಯುಸ್ಸು ಕಡಿಮೆಯಾಗುತ್ತದೆ. ಜಾಲರಿಯ ಹಿಂದೆ ಫಿಲ್ಟರ್ ಇದ್ದರೆ ನಮ್ಮ ಬಯಲುಸೀಮೆಯ ಧೂಳಿನಲ್ಲಿ ಅದನ್ನು ಪ್ರತಿ ಸರ್ವೀಸಿನಲ್ಲೂ ಸ್ವಚ್ಛ ಮಾಡಿಸಬೇಕು; ಜಾಬ್ ಕಾರ್ಡಿನಲ್ಲಿ ಅದನ್ನು ಬರೆಸದಿದ್ದರೆ ಬಹುಶಃ ಯಾರೂ ತೆರೆದು ನೋಡುವುದಿಲ್ಲ.

ನಿಮ್ಮ ಮೆಕ್ಯಾನಿಕ್ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ: ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳಿರುವ ಭಾಗವನ್ನು ತರಬೇತಿಯಿಲ್ಲದವರು ಮುಟ್ಟಬಾರದು, ಅದರಲ್ಲಿ ಪ್ರಾಣಾಪಾಯದಷ್ಟು ವೋಲ್ಟೇಜ್ ಇರುತ್ತದೆ. ಆಯಿಲ್, ಟೈರು, ಸಸ್ಪೆನ್ಷನ್ ಕೆಲಸಗಳಿಗೆ ಅವರು ಇದ್ದೇ ಇರುತ್ತಾರೆ.

ಪ್ರಶ್ನೆ: ಬೆಂಗಳೂರಿನಲ್ಲಿ ಸ್ವಂತ ಟ್ಯಾಕ್ಸಿ ಓಡಿಸುತ್ತೇನೆ. ವಿಮಾನ ನಿಲ್ದಾಣ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಂದು ತಿಂಗಳಿಗೆ 6,000 ಕಿ.ಮೀ. ಆಗುತ್ತದೆ. ಇನ್ನೋವಾ ಕ್ರಿಸ್ಟಾ ಡೀಸೆಲ್ ತೆಗೆದುಕೊಳ್ಳಲೋ, ಹೈಕ್ರಾಸ್ ಹೈಬ್ರಿಡ್ ತೆಗೆದುಕೊಳ್ಳಲೋ?
– ಓದುಗರು, ಯಲಹಂಕ

ಉತ್ತರ: ನಿಮ್ಮ ರಸ್ತೆಗಳು ಹೈಬ್ರಿಡ್‌ಗೆ ಅನುಕೂಲವಾದವು. ಹೆಬ್ಬಾಳ, ಸಿಲ್ಕ್ ಬೋರ್ಡ್, ಮಾರತಹಳ್ಳಿಯ ದಟ್ಟಣೆಯಲ್ಲಿ ಕ್ರಿಸ್ಟಾದ 2.4 ಲೀಟರ್ ಡೀಸೆಲ್ ಎಂಜಿನ್ ನಿಂತಲ್ಲೇ ಇಂಧನ ಸುಡುತ್ತದೆ. ಬಿಡದಿಯಲ್ಲೇ ತಯಾರಾಗುವ ಹೈಕ್ರಾಸ್ ಹೈಬ್ರಿಡ್‌ನ ಪ್ರಮಾಣಪತ್ರದ ಮೈಲೇಜ್ 23.24. ಪ್ರಯಾಣಿಕರು, ಲಗೇಜು, ಎ.ಸಿ. ಎಲ್ಲ ಸೇರಿ 16 ಎಂದು, ಕ್ರಿಸ್ಟಾಕ್ಕೆ 11 ಎಂದು ಹಿಡಿದರೂ ಮೇಲಿನ ದರದಲ್ಲಿ ತಿಂಗಳಿಗೆ ಸುಮಾರು 11,000 ರೂಪಾಯಿ ಉಳಿಯುತ್ತದೆ. ದಿನವಿಡೀ ಕ್ಲಚ್ ತುಳಿಯುವ ಎಡಗಾಲಿನ ನೋವು ತಪ್ಪುವುದನ್ನು ಹಣದಲ್ಲಿ ಎಣಿಸಲಾಗದು, ಆದರೆ ಹತ್ತು ಹನ್ನೆರಡು ಗಂಟೆ ಚಾಲನೆ ಮಾಡುವವರಿಗೆ ಅದು ಸಣ್ಣ ವಿಷಯವಲ್ಲ.

ಈ ಉಳಿತಾಯದ ಎದುರಿಗೆ ನೀವು ಇಡಬೇಕಾದದ್ದು ಸಾಲದ ಕಂತು. ಎರಡೂ ಕಾರುಗಳ ಹಳದಿ ಬೋರ್ಡಿನ ಆನ್ ರೋಡ್ ಬೆಲೆಯನ್ನು ತರಿಸಿಕೊಂಡು, ಕಂತಿನ ವ್ಯತ್ಯಾಸ 11,000ಕ್ಕಿಂತ ಎಷ್ಟು ಕಡಿಮೆ ಎಂದು ನೋಡಿ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಲ್ಲಿ ದೊಡ್ಡ ಡೀಸೆಲ್ ಕಾರಿಗೂ ಈ ಗಾತ್ರದ ಹೈಬ್ರಿಡ್‌ಗೂ ಶೇ 40 ತೆರಿಗೆಯೇ ಇದೆ; ಎಲೆಕ್ಟ್ರಿಕ್ ಕಾರಿಗೆ ಮಾತ್ರ ಶೇ 5. ಇಷ್ಟು ಕಡಿಮೆ ಇಂಧನ ಸುಡುವ ಕಾರಿಗೂ ಡೀಸೆಲ್ ಕಾರಿನಷ್ಟೇ ತೆರಿಗೆ ವಿಧಿಸುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ರಾತ್ರಿ ಕಾರು ನಿಲ್ಲಿಸುವ ಜಾಗದಲ್ಲಿ ಚಾರ್ಜರ್ ಹಾಕಿಸಿಕೊಳ್ಳುವ ಅನುಕೂಲ ನಿಮಗಿದ್ದು, ಊರು ಬಿಟ್ಟು ದೂರದ ಬಾಡಿಗೆಗೆ ಹೋಗದವರಾಗಿದ್ದರೆ ಎಲೆಕ್ಟ್ರಿಕ್ ಕಾರನ್ನೂ ಲೆಕ್ಕ ಹಾಕಿ ನೋಡಿ. ತಿರುಪತಿ, ಧರ್ಮಸ್ಥಳದ ಬಾಡಿಗೆಗಳೂ ಇದ್ದರೆ ಚಾರ್ಜಿಂಗ್‌ಗೆ ಕಾಯಬೇಕಿಲ್ಲದ ಹೈಬ್ರಿಡ್ಡೇ ಸರಿ. ಬ್ಯಾಟರಿ ವಾರಂಟಿ ಟ್ಯಾಕ್ಸಿ ಬಳಕೆಗೂ ಪೂರ್ತಿ ಅನ್ವಯವಾಗುತ್ತದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ. ನಿಮ್ಮ ಓಟಕ್ಕೆ ಆ 1,60,000 ಕಿ.ಮೀ. ಎರಡೂಕಾಲು ವರ್ಷದಲ್ಲೇ ಮುಗಿಯುತ್ತದೆ.

ಪ್ರಶ್ನೆ: 'ಸ್ಮಾರ್ಟ್ ಹೈಬ್ರಿಡ್' ಎಂಬ ಫಲಕವಿರುವ ಹಳೆಯ ಮಾರುತಿ ಕಾರೊಂದು ಕಡಿಮೆ ಬೆಲೆಗೆ ಬಂದಿದೆ. ದಿನವೂ ಪುತ್ತೂರಿನಿಂದ ಮಂಗಳೂರಿಗೆ, ಆಗಾಗ ಘಾಟಿ ಹತ್ತಿ ಹಾಸನಕ್ಕೆ ಹೋಗಬೇಕು. ಕೊಳ್ಳಬಹುದೇ?
– ಓದುಗರು, ಪುತ್ತೂರು

ಉತ್ತರ: ಕಾರು ಚೆನ್ನಾಗಿದ್ದರೆ ಕೊಳ್ಳಿ, ಆದರೆ ಫಲಕಕ್ಕಾಗಿ ಹೆಚ್ಚು ಬೆಲೆ ಕೊಡಬೇಡಿ. ಮಾರುತಿ 2015ರಲ್ಲಿ ಸಿಯಾಜ್‌ನಿಂದ ಆರಂಭಿಸಿದ ಆ ವ್ಯವಸ್ಥೆ ಸೌಮ್ಯ ಹೈಬ್ರಿಡ್. ಅದರ ಮೋಟಾರು ಎಂಜಿನ್ನಿಗೆ ಸ್ವಲ್ಪ ನೆರವಾಗುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆಫ್ ಆಗಿ ಮತ್ತೆ ತಾನೇ ಚಾಲೂ ಆಗುತ್ತದೆ. ಬರೀ ವಿದ್ಯುತ್ತಿನಿಂದ ಕಾರು ಒಂದು ಗಜವೂ ಓಡುವುದಿಲ್ಲ. ಮೇಲಿನ ಉತ್ತರಗಳಲ್ಲಿ ಹೇಳಿದ ಉಳಿತಾಯವನ್ನು ಅದರಿಂದ ನಿರೀಕ್ಷಿಸಬಾರದು.

ಮುಂದೆಂದಾದರೂ ಪೂರ್ಣ ಹೈಬ್ರಿಡ್ ಕೊಂಡರೆ ಶಿರಾಡಿ ಇಳಿಯುವಾಗ ಒಂದು ಮಾತು ನೆನಪಿರಲಿ. ಬ್ಯಾಟರಿ ಚಿಕ್ಕದಾದ್ದರಿಂದ ದೀರ್ಘ ಇಳಿಜಾರಿನಲ್ಲಿ ಬೇಗ ತುಂಬಿಬಿಡುತ್ತದೆ, ಆಮೇಲೆ ಮೋಟಾರಿನ ಹಿಡಿತ ಕಡಿಮೆಯಾಗುತ್ತದೆ. ಗೇರ್ ಲಿವರಿನಲ್ಲಿ 'ಬಿ' ಎಂಬ ಸ್ಥಾನವಿದ್ದರೆ ಇಳಿಜಾರು ಶುರುವಾಗುವ ಮೊದಲೇ ಅದಕ್ಕೆ ಹಾಕಿ. ಆಗ ಎಂಜಿನ್ನೇ ಕಾರನ್ನು ಹಿಡಿದು ನಿಧಾನಗೊಳಿಸುವುದರಿಂದ ಬ್ರೇಕುಗಳು ಬಿಸಿಯೇರುವುದಿಲ್ಲ.