ಅಡಿಕೆ ಬಿಲ್ ಹಾಕಲು ಮೌಸ್ ಇರುವ ಹೊಸ ಸಾಫ್ಟ್‌ವೇರ್‌ಗಿಂತ ಹಳೆಯ ಕಪ್ಪು ಪರದೆಯೇ ಯಾಕೆ ವೇಗ?

ಕಪ್ಪು ಪರದೆಯಲ್ಲಿ (ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ, ಬರೀ ಅಕ್ಷರಗಳ ಸಾಫ್ಟ್‌ವೇರ್‌ನಲ್ಲಿ) ಕೈ ಕೀಬೋರ್ಡ್ ಬಿಟ್ಟು ಏಳುವುದಿಲ್ಲ, ಕಣ್ಣು ಚೀಟಿ ಬಿಟ್ಟು ಕದಲುವುದಿಲ್ಲ, ಅದಕ್ಕೆ. ಶಿರಸಿಯ ಅಡಿಕೆ ವಖಾರಿಯಲ್ಲಿ (ಮಂಡಿಯಲ್ಲಿ) ತೂಕದ ಚೀಟಿಯನ್ನು ಕಂಪ್ಯೂಟರಿಗೆ ಏರಿಸುವವರಿಗೆ, ಅಡಿಕೆಯ ಬಗೆಗಳಾದ ರಾಶಿಗೆ 1, ಬೆಟ್ಟೆಗೆ 2, ಚಾಲಿಗೆ 3 ಎಂದು ಕೋಡ್ ಇಟ್ಟುಕೊಟ್ಟರೆ ಸಾಕು: ಕೋಡ್, ಎಂಟರ್, ತೂಕ, ಎಂಟರ್, ದರ, ಎಂಟರ್. ಎಲ್ಲ ಬಲಗೈಯ ನಂಬರ್ ಪ್ಯಾಡ್‌ನಲ್ಲೇ ಮುಗಿಯುತ್ತದೆ. ಮೌಸ್ ಆದರೆ ಪ್ರತಿ ಸಲ ಬಾಣ ಎಲ್ಲಿದೆ ಎಂದು ಹುಡುಕಬೇಕು, ಪಟ್ಟಿ ತೆರೆಯಬೇಕು, ಆರಿಸಬೇಕು.

ಹೆಚ್ಚಿನವರು ಗಮನಿಸದ ಕಾರಣ ಇನ್ನೊಂದಿದೆ. ಒತ್ತಿದ ಕೀಗಳು ಬಫರ್ ಎಂಬ ಪುಟ್ಟ ಸಾಲಿನಲ್ಲಿ ಕಾಯುತ್ತವೆ. ಕಂಪ್ಯೂಟರ್ ತಡವರಿಸಿದರೂ ಒತ್ತಿದ ಕ್ರಮದಲ್ಲೇ ಮುಂದಿನ ಖಾನೆಗಳಿಗೆ ಹೋಗುತ್ತವೆ. ಡಾಸ್ ಕಾಲದ ಪಿಸಿಯಲ್ಲಿ ಈ ಸಾಲಿಗೆ 15 ಕೀಗಳ ಜಾಗ. ಮೀರಿದರೆ ಬೀಪ್ ಎನ್ನುತ್ತಿತ್ತು. ಬ್ರೌಸರ್‌ನಲ್ಲಿ ಓಡುವ ಹೊಸ ಸಾಫ್ಟ್‌ವೇರ್‌ನಲ್ಲಿ ಈ ಭರವಸೆ ಇಲ್ಲ. ಮುಂದಿನ ಪುಟ ತೆರೆಯುವ ಮೊದಲೇ ಹೊಡೆದ ಅಂಕಿ ಕಳೆದುಹೋಗಬಹುದು, ಇಲ್ಲವೇ ತೂಕದ ಖಾನೆಯಲ್ಲಿ ದರ ಹೋಗಿ ಕೂರಬಹುದು. ನಡುವೆ ಎದ್ದ ಪಾಪ್‌ಅಪ್‌ಗೆ ಎಂಟರ್ ತಾಗಿ, ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟಂತೆಯೂ ಆಗಿಬಿಡುತ್ತದೆ. ಹಾಗಾಗಿ ಹೆಜ್ಜೆಹೆಜ್ಜೆಗೂ ಪರದೆ ನೋಡಿ ಕಾಯಲೇಬೇಕು.

ಹೊಸಬರಿಗೆ, ಅಪರೂಪಕ್ಕೆ ಮಾಡುವ ಕೆಲಸಕ್ಕೆ ಮೌಸಿನ ಪರದೆಯೇ ಸುಲಭ. ಕೋಡ್ ಬಾಯಿಪಾಠ ಬೇಡ. ವಿಂಡೋಸ್‌ನಲ್ಲಿ ಓಡುವುದೆಲ್ಲ ನಿಧಾನ ಎಂದೂ ಅಲ್ಲ, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರನ್ನು ಬಹುತೇಕ ಕೀಬೋರ್ಡಿನಿಂದಲೇ ನಡೆಸಬಹುದು. ಸಾಫ್ಟ್‌ವೇರ್ ಕೊಳ್ಳುವ ಮುನ್ನ ಮೌಸ್ ಕಿತ್ತಿಟ್ಟು ಒಂದು ಬಿಲ್ ಪೂರ್ತಿ ಹಾಕಿ ನೋಡಿ. ಎಂಟರ್ ಒತ್ತಿದಾಗ ಮುಂದಿನ ಖಾನೆಗೆ ಹೋಗದೆ ಅರೆಬರೆ ಬಿಲ್ಲೇ ಸೇವ್ ಆಯಿತೆಂದರೆ, ಸರಿಮಾಡಿ ಕೊಡುವವರೆಗೆ ದುಡ್ಡು ಕೊಡಬೇಡಿ.