ಟೆನಿಸ್ ಪಂದ್ಯ ನಡೆಯುವಾಗ ಕೋಚ್ ಸಲಹೆ ಕೊಡಬಹುದಾ?

ಕೊಡಬಹುದು, ಆದರೆ ಟೂರ್ನಿ ನಡೆಸುವವರು ಒಪ್ಪಿದ್ದರೆ ಮಾತ್ರ. ತುಮಕೂರಿನಲ್ಲಿ ಮಗಳು ಆಡುವಾಗ ಕೋಚ್ ಬೇಲಿಯಾಚೆಯಿಂದ ಹೇಳಿಕೊಟ್ಟರೆ ತಪ್ಪಾ ಅಂತ ಕೇಳಿದ್ದೀರಿ. 2025ರ ಜನವರಿಯಿಂದ ಅಂತರರಾಷ್ಟ್ರೀಯ ನಿಯಮದಲ್ಲೇ ಇದಕ್ಕೆ ಜಾಗ ಸಿಕ್ಕಿದೆ. ಒಂದು ಪಾಯಿಂಟ್ ಮುಗಿದು ಇನ್ನೊಂದು ಶುರುವಾಗುವ ಮುಂಚೆ, ಚುಟುಕಾಗಿ ಹೇಳಬೇಕು. ಚೆಂಡು ಆಟದಲ್ಲಿರುವಾಗ ಸುಮ್ನಿರಬೇಕು.

ಮೊದಲು ಯಾಕೆ ಬೇಡ ಅಂತಿದ್ದರು? ಕಷ್ಟ ಬಂದಾಗ ಒಬ್ಬರೇ ದಾರಿ ಹುಡುಕೋದೂ ಆಟದ ಭಾಗ ಅನ್ನೋ ನಂಬಿಕೆ. ಆದರೂ ಡೇವಿಸ್ ಕಪ್‌ನಂಥ ತಂಡದ ಪಂದ್ಯಗಳಲ್ಲಿ ಕ್ಯಾಪ್ಟನ್ ಅಂಗಳದಲ್ಲೇ ಕೂತು, ಆಟಗಾರರು ಬದಿ ಬದಲಿಸುವಾಗ ಮಾತಾಡುತ್ತಿದ್ದರು.

ಆದರೆ ಕೋಚ್‌ಗಳು ಗ್ಯಾಲರಿಯಿಂದ ಕೈಸನ್ನೆ ಮಾಡುತ್ತಲೇ ಇದ್ದರು. ಸಿಕ್ಕಿಬಿದ್ದವರಿಗಷ್ಟೇ ಶಿಕ್ಷೆ. 2018ರ ಯುಎಸ್ ಓಪನ್ ಫೈನಲ್‌ನಲ್ಲಿ ಕೋಚ್ ಸನ್ನೆ ಮಾಡಿದ್ದಕ್ಕೆ ಸೆರೆನಾ ವಿಲಿಯಮ್ಸ್‌ಗೆ ಎಚ್ಚರಿಕೆ ಬಿತ್ತು. ತಾನು ಸಲಹೆ ಪಡೆದೇ ಇಲ್ಲ ಅಂದರು ಸೆರೆನಾ. ಆಟಗಾರ್ತಿ ನೋಡಿದ್ದಾಳೋ ಇಲ್ಲವೋ ಅಂತ ಅಂಪೈರ್ ಹೇಗೆ ಹೇಳೋದು, ಅಲ್ವಾ? ಹಾಗಾಗಿ ನಿಯಮ ಸಡಿಲಿಸಿದ್ದು ಸರಿ ಅಂತಲೇ ನನ್ನ ಅನಿಸಿಕೆ.

ನೀವು ಪಂದ್ಯಕ್ಕೆ ಮುಂಚೆಯೇ ರೆಫರಿಯನ್ನು ಕೇಳಿಕೊಳ್ಳಿ. ಒಪ್ಪಿಗೆ ಇಲ್ಲದೆ ಮತ್ತೆ ಮತ್ತೆ ಮಾತಾಡಿದರೆ ಪೆಟ್ಟು ಬೀಳೋದು ಮಗಳ ಸ್ಕೋರಿಗೆ.