ಓದುಗರ ಪ್ರಶ್ನೆ: ಅಂಗ್ಕೋರ್‌ನ ಗೋಪುರ, ಮರ ಮತ್ತು ರಿಪೇರಿ

ಪ್ರಶ್ನೆ: ಕಾಂಬೋಡಿಯಾದ ತಾ ಪ್ರೋಮ್ ದೇವಾಲಯದ ಮೇಲೆ ದೊಡ್ಡ ಮರಗಳು ಕೂತು ಗೋಡೆಗಳನ್ನು ಬೇರುಗಳಿಂದ ಬಿಗಿದಿರುವುದನ್ನು ನೋಡಿ ಬಂದೆವು. ಅವನ್ನು ಕಡಿಯದೆ ಬಿಟ್ಟಿರುವುದೇಕೆ? (ಓದುಗರೊಬ್ಬರು, ಸಾಗರ)

ಉತ್ತರ: ಕಡಿದರೆ ಗೋಡೆಯೇ ಬಿದ್ದೀತು, ಅದಕ್ಕೆ. ಕಾಂಬೋಡಿಯಾದ ಖ್ಮೇರ್ ಜನಾಂಗದ ಶಿಲ್ಪಿಗಳು ಮರಳುಗಲ್ಲುಗಳನ್ನು ಗಾರೆಯಿಲ್ಲದೆ, ಒಂದಕ್ಕೊಂದು ಉಜ್ಜಿ ನಯಗೊಳಿಸಿ ಕೂರಿಸುತ್ತಿದ್ದರು. ಹಕ್ಕಿ ಹಾಕಿದ ಬೀಜ ಸಂದಿಯಲ್ಲಿ ಮೊಳೆತು, ಬೇರು ದಪ್ಪವಾದಂತೆ ಕಲ್ಲುಗಳು ಸರಿಯುತ್ತವೆ. ಕೊನೆಗೆ ಸರಿದ ಕಲ್ಲುಗಳನ್ನು ಬೀಳದಂತೆ ಹಿಡಿದುಕೊಳ್ಳುವುದೂ ಅದೇ ಬೇರು. ಮರ ಸತ್ತು ಬೇರು ಕೊಳೆತರೆ ಅಷ್ಟೂ ಕಲ್ಲುಗಳು ಉದುರುತ್ತವೆ. ಖ್ಮೇರ್ ದೊರೆ ಏಳನೆಯ ಜಯವರ್ಮ 1186ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇವಾಲಯದಲ್ಲಿ ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಂಗ್ಕೋರ್‌ನ ಸ್ಮಾರಕಗಳನ್ನು ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಅಪ್ಸರಾ ಪ್ರಾಧಿಕಾರದ ಜೊತೆ ಸೇರಿ ದುರಸ್ತಿ ಮಾಡುತ್ತಾ ಬಂದಿದೆ. ಬೇರುಗಳಿಗೂ ಕಲ್ಲುಗಳಿಗೂ ಆಸರೆ ಕೊಟ್ಟು ಎರಡನ್ನೂ ಉಳಿಸಿಕೊಳ್ಳುವುದು ಅಲ್ಲಿನ ಕ್ರಮ. (ಅಲ್ಲಿನ ದೈತ್ಯ ಮರಗಳಲ್ಲಿ ಮುಖ್ಯವಾದ ಟೆಟ್ರಮೆಲಿಸ್ ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುತ್ತದೆ.)

ಹಳೆಯ ಕಟ್ಟಡಗಳ ಸೋರಿಕೆ ನಿಲ್ಲಿಸುವ ಕೆಲಸದಲ್ಲೇ ಬಾಳು ಕಳೆದವನು ನಾನು. ಮಾಳಿಗೆಯ ಮೇಲೆ ಅರಳಿ ಸಸಿ ಕಂಡರೆ ಇಂದಿಗೂ ಕೈ ಸುಮ್ಮನಿರುವುದಿಲ್ಲ. ಅಂಗ್ಕೋರ್ ವಾಟ್‌ನ ನಡುಗೋಪುರ ಸುಮಾರು 65 ಮೀಟರ್ ಎತ್ತರವಿದೆ. ಅಲ್ಲಿಗೂ ಹತ್ತಿ, ಬೆರಳುದ್ದದ ಸಸಿಗಳನ್ನು ಬೇರು ಸಮೇತ ಕೀಳುವ ಕೆಲಸಗಾರರಿದ್ದಾರೆ. ಕೋಟಿಗಟ್ಟಲೆ ಖರ್ಚಿನ ಪುನರ್ನಿರ್ಮಾಣಕ್ಕಿಂತ ಅವರ ಕೆಲಸಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಪ್ರಶ್ನೆ: ಬಿದ್ದ ಗೋಪುರವನ್ನು ಮತ್ತೆ ಕಟ್ಟಿದರೆ ಅದನ್ನು ಪ್ರಾಚೀನವೆಂದು ಕರೆಯಬಹುದೇ? (ಓದುಗರೊಬ್ಬರು, ಧಾರವಾಡ)

ಉತ್ತರ: ಹಳೆಯದು ಯಾವುದು, ಹೊಸದು ಯಾವುದು ಎಂದು ನೋಡುವವರಿಗೆ ತಿಳಿಯುವಂತಿದ್ದರೆ ಕರೆಯಬಹುದು. ಅಂಗ್ಕೋರ್‌ನಲ್ಲೇ ಇರುವ, 921ರ ಪ್ರಸಾತ್ ಕ್ರವಾನ್ ದೇವಾಲಯ ಐದು ಇಟ್ಟಿಗೆ ಗೋಪುರಗಳ ಸಾಲು. 1960ರ ದಶಕದಲ್ಲಿ ಅದನ್ನು ದುರಸ್ತಿ ಮಾಡಿದ ಫ್ರೆಂಚ್ ವಿದ್ವಾಂಸ ಗ್ರೋಲಿಯೆ ಅವರ ತಂಡ ತಾನು ಸೇರಿಸಿದ ಹೊಸ ಇಟ್ಟಿಗೆಗಳ ಮೇಲೆ ‘ಸಿಎ’ (ಅಂಗ್ಕೋರ್ ಸಂರಕ್ಷಣಾ ಸಂಸ್ಥೆಯ ಫ್ರೆಂಚ್ ಹೆಸರಿನ ಮೊದಲಕ್ಷರಗಳು) ಎಂಬ ಗುರುತು ಒತ್ತಿತು. ನಮ್ಮಲ್ಲಿ ಹಳೆಯ ಗುಡಿಗೆ ಸಿಮೆಂಟು ಮೆತ್ತುವವರು ಇದನ್ನು ನೋಡಬೇಕು.

ಅಂಗ್ಕೋರ್‌ನ ಇನ್ನೊಂದು ದೇವಾಲಯ ಬಾಫುವಾನ್‌ನದು ಇನ್ನೂ ಕಷ್ಟದ ಕಥೆ. ಹನ್ನೊಂದನೆಯ ಶತಮಾನದ ಇದು ಮಣ್ಣು ತುಂಬಿ ಎಬ್ಬಿಸಿದ ದಿಬ್ಬ. ಒಳಗಿನ ಒತ್ತಡಕ್ಕೆ ಅದು ಕುಸಿಯುತ್ತಿತ್ತು. 1960ರ ದಶಕದಲ್ಲಿ ಕಲ್ಲುಗಳನ್ನು ಬಿಚ್ಚಿ, ಸುಮಾರು 3 ಲಕ್ಷ ಕಲ್ಲುಗಳನ್ನು ಸುತ್ತಲಿನ ಕಾಡಿನಲ್ಲಿ ಹರಡಿದರು. ಅಷ್ಟರಲ್ಲಿ ಯುದ್ಧ ಬಂತು. ಯಾವ ಕಲ್ಲು ಎಲ್ಲಿಯದೆಂದು ಬರೆದಿಟ್ಟಿದ್ದ ದಾಖಲೆಗಳು 1975ರಲ್ಲಿ ಖ್ಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟರ ಆಳ್ವಿಕೆಯ ಕಾಲದಲ್ಲಿ ನಾಶವಾದವು. 1995ರಲ್ಲಿ ಮತ್ತೆ ಶುರುಮಾಡಿದವರ ಕೈಯಲ್ಲಿ ಹಳೆಯ ಫೋಟೋಗಳಿದ್ದವು, ಎದುರಿಗೆ ಕಲ್ಲುಗಳಿದ್ದವು. ಗಾರೆಯಿಲ್ಲದ ಕಟ್ಟಡವಾದ್ದರಿಂದ ಪ್ರತಿ ಕಲ್ಲೂ ತನ್ನ ಜಾಗದಲ್ಲಿ ಮಾತ್ರ ಸರಿಯಾಗಿ ಕೂರುತ್ತದೆ. ಅಳೆದು, ಹೋಲಿಸಿ, ಜೋಡಿಸಿ 2011ರಲ್ಲಿ ಮುಗಿಸಿದರು.

ಆದರೂ ಬಾಫುವಾನ್‌ನ ತುದಿಯ ಗೋಪುರ ಇಂದಿಗೂ ಇಲ್ಲ. 16ನೇ ಶತಮಾನದ ಸುಮಾರಿಗೆ ದೇವಾಲಯದ ಕಲ್ಲುಗಳನ್ನೇ ಬಳಸಿ ಪಶ್ಚಿಮದ ಬದಿಯಲ್ಲಿ ಮಲಗಿದ ಬುದ್ಧನ ಬೃಹತ್ ಮೂರ್ತಿಯನ್ನು ಕಟ್ಟಿದ್ದರು. ದುರಸ್ತಿಯವರು ಆ ಬುದ್ಧನನ್ನು ತೆಗೆದುಹಾಕಲಿಲ್ಲ, ಉಳಿಸಿಕೊಂಡರು. ನಾನು ಆ ಜಾಗದಲ್ಲಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ: ಬುದ್ಧನನ್ನು ಕಟ್ಟಿದವರೂ ಆ ನೆಲದ ಭಕ್ತರೇ.